ಒಲೆ ಎಣಿಸಿ ಕೊಟ್ಟ ಜಾಗ

ಗುಡ್ಡೇಬಯಲು, ಸಾಗರ ತಾಲೂಕು
ಗುರುವಾರ, 11-2-1965

ಪ್ರೀತಿಯ ತಮ್ಮ ಜಟ್ಟಿಂಗಾ,

ನೀನು, ಕನ್ನಮ್ಮ ಹೇಗಿದ್ದೀರಿ. ಕಾರ್ಖಾನೆಯ ಕುಲುಮೆ ಮುಂದೆ ನಿಂತು ಕಣ್ಣು ಕೆಂಪಗಾಗುತ್ತದೆ ಎಂದು ಹೋದ ಸಲ ಬರೆದಿದ್ದೆ, ಈಗ ಕಡಿಮೆಯಾಯಿತೋ ಇಲ್ಲವೋ. ಪಾಳಿ ಮುಗಿಸಿ ಬಂದವನೇ ತಣ್ಣೀರಲ್ಲಿ ಮುಖ ತೊಳೆಯಬೇಡ, ಇದು ಅವ್ವನ ಮಾತು. ಅವ್ವನಿಗೆ ಚಳಿಗೆ ಉಬ್ಬಸ ಹೆಚ್ಚಾಗಿದೆ, ಬಾಯಿ ಮಾತ್ರ ಕಡಿಮೆಯಾಗಿಲ್ಲ. ದೊಡ್ಡಣ್ಣ ಭೂತಪ್ಪನಿಗೆ ಲಾರಿಗೆ ಮರ ತುಂಬುವ ಕೆಲಸ ಸಿಕ್ಕಿದೆ, ವಾರಕ್ಕೆ ಮೂರು ದಿನ ಇದ್ದರೆ ನಾಲ್ಕು ದಿನ ಇಲ್ಲ. ಚಿಕ್ಕಣ್ಣ ಕೆರಿಯಪ್ಪನ ಹೆಂಡತಿಗೆ ದಿನ ತುಂಬುತ್ತಾ ಬಂದಿದೆ. ನಾನು ಚೆನ್ನಾಗಿದ್ದೇನೆ. ಗಂಡ ಸತ್ತು ತವರಿಗೆ ಬಂದ ಮೇಲೆ ಗೇಣಿ ರೈತರ ಚಳವಳಿಯೇ ನನ್ನ ಸಂಸಾರ ಎಂದು ನೀನು ಕೆಣಕುತ್ತಿದ್ದೆಯಲ್ಲ, ಆ ಸಂಸಾರ ಈಗ ಬಹಳ ದೊಡ್ಡದಾಗಿದೆ.

ಇನ್ನು ಸಮಾಚಾರ. ಕೊಡುತ್ತೇವೆ ಎಂದದ್ದು ಯಾವುದು, ಕೊಡದೆ ಹೋದದ್ದು ಯಾವುದು ಎಂದು ಮೊದಲು ನೇರವಾಗಿ ಬರೆದುಬಿಡುತ್ತೇನೆ. ಅಣೆಕಟ್ಟಿನ ನೀರಿಗೆ ಊರು ಮುಳುಗುವ ಮೊದಲು ಉಳುವವನಿಗೆ ಬದಲಿ ಗದ್ದೆ ಎಂದರು. ಕೊಡಲಿಲ್ಲ. ಗದ್ದೆ ಒಡೆಯರ ಹೆಸರಲ್ಲಿತ್ತು, ನಾವು ಗೇಣಿಯವರು, ಪರಿಹಾರ ಅವರಿಗೇ ಹೋಯಿತು. ಬಿಚ್ಚಿದ ಮನೆಯ ಮರ ಸಾಗಿಸಲು ಲಾರಿ ಎಂದರು. ಲಾರಿ ಒಡೆಯರ ಬಾಗಿಲ ತನಕ ಬಂದು ಅಲ್ಲಿಂದಲೇ ತಿರುಗಿತು. ಬಾವಿ ಎಂದರು. ಬಾವಿ ತೋಡಬೇಕಾದ ಕಡೆ ಗುರುತಿನ ಕಲ್ಲು ಇದೆ, ಬಾವಿ ಇಲ್ಲ. ಮೂರು ವರ್ಷ ಯಾವ ಕಂದಾಯವೂ ಇಲ್ಲ ಎಂದರು. ಹೋದ ವಾರ ಮನೆಗಂದಾಯ ಕೇಳಲು ಬಂದರು. ಈ ಗುಡ್ಡೇಬಯಲಿನಲ್ಲಿ ಮನೆ ಕಟ್ಟಲು ಸೈಟು ಎಂದರು. ಅದೊಂದನ್ನು ಕೊಟ್ಟರು. ಅದನ್ನು ಕೊಟ್ಟ ರೀತಿ ಕೇಳು.

ಎಣಿಕೆಯವರು ಬಂದದ್ದು ಊರು ಇನ್ನೂ ಊರಾಗಿದ್ದಾಗ, ಭತ್ತ ಬಡಿಯುವ ಕಾಲದಲ್ಲಿ. ನೀನು ಆಗಲೇ ಭದ್ರಾವತಿ ಸೇರಿದ್ದೆ. ಹೆಗಲಿಗೆ ಚೀಲ ಹಾಕಿದ ಗುಮಾಸ್ತ ಅಂಗಳದಲ್ಲಿ ನಿಂತು "ನಿಮ್ಮನೇಲಿ ಎಷ್ಟ್ ಒಲೆ ಅಜ್ಜಿ" ಎಂದ. ನಮ್ಮ ಜನರಲ್ಲಿ ಆ ಮಾತನ್ನು ಯಾರು ಯಾವಾಗ ಕೇಳುತ್ತಾರೆ ಎಂದು ನಿನಗೆ ಗೊತ್ತು. ಹೆಣ್ಣು ಕೊಡಲು ಬಂದವರು ಕೇಳುತ್ತಾರೆ, ಅಣ್ಣತಮ್ಮಂದಿರು ಕಿತ್ತಾಡಿ ಬೇರೆಯಾಗಿದ್ದಾರೋ ಎಂದು ತಿಳಿಯಲು. ಅವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. "ಒಂದೇ ಒಲೆ ಕಣಪ್ಪ. ಇಷ್ಟೂ ಜನ ಒಂದೇ ಒಲೆ ಅನ್ನ ಉಣ್ತೀವಿ. ನಮ್ಮ ಮಾವನ ಕಾಲದಿಂದ ಒಲೆ ಒಡ್ದಿಲ್ಲ, ನಾನಿರೋ ತನಕ ಒಡೆಯೋದೂ ಇಲ್ಲ." ಅವನೇನು ಕೆಟ್ಟವನಲ್ಲ ಎಂದು ಕಾಣುತ್ತದೆ. "ಯೋಚ್ನೆ ಮಾಡಿ ಹೇಳಜ್ಜಿ, ಆಮೇಲೆ ತಿದ್ದಕ್ಕಾಗಲ್ಲ" ಎಂದ. ಅವ್ವನಿಗೆ ಅದು ಬೈದ ಹಾಗೆ ಕೇಳಿಸಿತು. "ಯೋಚ್ನೆ ಮಾಡ್ಬೇಕಾದೋರು ಒಲೆ ಒಡ್ದೋರು. ನಮಗೆಂಥಕ್ಕೆ" ಎಂದಳು. ಭೂತಪ್ಪಣ್ಣ ಮೀಸೆ ಮೇಲೆ ಕೈಯಾಡಿಸಿದ, ಅತ್ತಿಗೆಯರು ಬಾಗಿಲಲ್ಲಿ ನಗುತ್ತಾ ನಿಂತಿದ್ದರು, ಗುಮಾಸ್ತನಿಗೆ ಬೆಲ್ಲ ನೀರು ಕೊಟ್ಟು ಕಳಿಸಿದೆವು. ಕೇರಿಯ ಅಷ್ಟೂ ಮನೆಯವರು ಹಾಗೇ ಹೇಳಿದರು. ಜಗಳವಾಡಿ ಬೇರೆ ಬೇಯಿಸಿಕೊಳ್ಳುತ್ತಿದ್ದ ಕನ್ನಪ್ಪಜ್ಜನ ಮಕ್ಕಳೂ ಆ ದಿನ ನಾಚಿಕೆಗೆ ಒಟ್ಟಿಗೆ ನಿಂತು ಒಂದೇ ಒಲೆ ಎಂದರು. ಒಲೆಗೊಂದು ಸೈಟು ಎಂದು ನಮಗೆ ಗೊತ್ತಾದದ್ದು ಸೈಟು ಹಂಚುವ ದಿನ, ಹೆಸರು ಕೂಗುವಾಗ. ಕನ್ನಪ್ಪಜ್ಜನ ಮಕ್ಕಳು ಅಲ್ಲೇ ಒಬ್ಬರ ಕುತ್ತಿಗೆ ಒಬ್ಬರು ಹಿಡಿದರು.

ದೀಪಾವಳಿಗೆ ನೀನು ಬಂದಾಗ ನಮ್ಮ ಸೈಟಿನಲ್ಲಿ ನಾಲ್ಕು ಕಂಬ ಮಾತ್ರ ನಿಂತಿದ್ದವು. ಈಗ ಹುಲ್ಲಿನ ಮಾಡು ಆಗಿದೆ. ಹತ್ತೊಂಬತ್ತು ಜನ ಅದರೊಳಗೆ ಹೇಗೆ ಮಲಗುತ್ತೇವೆ ಎಂದು ಬರೆಯಲು ನಾಚಿಕೆ. ಗಂಡಸರು ಪೇಟೆಯ ಅಡಿಕೆ ಮಂಡಿಗಳ ಜಗಲಿಯಲ್ಲಿ ಮಲಗಿ ಬೆಳಗ್ಗೆ ಬರುತ್ತಾರೆ. ಮಳೆಗಾಲಕ್ಕೆ ಎಲ್ಲಿ ಮಲಗುತ್ತಾರೆ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಹೋದ ತಿಂಗಳು ದೊಡ್ಡತ್ತಿಗೆ ಮೂಲೆಗೆ ಹಳೇ ಸೀರೆ ಕಟ್ಟಿ ಅದರ ಹಿಂದೆ ಮೂರು ಕಲ್ಲಿಟ್ಟು ತನ್ನ ಮಕ್ಕಳಿಗೆ ಗಂಜಿ ಕಾಯಿಸಿದಳು. ಅವ್ವ ಹೊಗೆ ನೋಡಿದಳು, ಎದ್ದು ಹೊರಗೆ ಹೋದಳು.

ನಮ್ಮ ಸುತ್ತ ಇಷ್ಟೊಂದು ಜಾಗ ಖಾಲಿ ಬಿದ್ದಿದೆ ಕಣೋ. ಹಿಂದೆ ಖಾಲಿ, ಪಕ್ಕದಲ್ಲಿ ಖಾಲಿ, ಗುಡ್ಡದ ತನಕ ಕಲ್ಲು ನೆಟ್ಟ ಸೈಟುಗಳು, ಒಂದರಲ್ಲೂ ಗುಡಿಸಲಿಲ್ಲ. ಯಾರದು ಎಂದು ಕೇಳಿದರೆ ಎಲ್ಲ ನಮ್ಮ ಒಡೆಯರು ಗಜಾನನಯ್ಯನವರದು. ಹದಿನಾಲ್ಕು ವರ್ಷ ಮೆರವಣಿಗೆಯಲ್ಲಿ ಕೂಗಿದರೂ ಒಡೆಯರು ಎಂಬ ಮಾತು ಇನ್ನೂ ನನ್ನ ಬಾಯಿಂದ ಹೋಗಿಲ್ಲ ನೋಡು. ಅವರೂ ನಮ್ಮ ಹಾಗೆ ಮುಳುಗಡೆಯವರೇ. ಮನೆ ನೀರಿಗೆ ಹೋಯಿತು, ಪೇಟೆಯಲ್ಲಿ ಮಂಡಿಯೂ ತಾರಸಿ ಮನೆಯೂ ಎದ್ದವು. ಇಷ್ಟು ಸೈಟು ಹೇಗೆ ಬಂತು ಎಂದು ನಮಗೆ ಹೇಳಿದವನು ಅವರ ಮನೆಯ ಹಳೇ ಆಳು ನಾಗರಾಜಪ್ಪ. ಹೇಳಿದ್ದು ನಗಿಸುವುದಕ್ಕೆ. ಸಂಜೆ ನಮ್ಮ ಬಾಗಿಲಲ್ಲಿ ಎಲೆಯಡಿಕೆ ಹಾಕುತ್ತಾ ಕೂತಿದ್ದ. "ಕೊಟ್ಟಿಗೇಲಿ ಒಲೆ ಹಾಕಿದ್ದು ನಾನೇ ಅಲ್ವನೇ ಮಾಸ್ತಿ. ಹಿತ್ತಲಲ್ಲೊಂದು, ಅಡಿಕೆ ಬೇಯ್ಸೋ ಚಪ್ಪರದಲ್ಲೊಂದು, ಕೊಟ್ಟಿಗೇಲಿ ಎರಡು. ಹೊಸಾದು ಅಂತ ಕಾಣಬಾರ್ದು ಅಂತ ದೊಡ್ಡೊಲೆ ಬೂದಿ ಬಾಚಿ ಸುರ್ದೆ. ಗುಮಾಸ್ತ ಬಂದು ನಿಂತಿದ್ದಾಗ್ಲೇ ಎಮ್ಮೆ ಒಂದು ಒಲೆ ಮೇಲೆ ಸೆಗಣಿ ಹಾಕ್ತು ಮಾರಾಯ್ತಿ. ಇದು ಯಾರ ಸಂಸಾರ ಅಂದ್ರೆ, ನಮ್ಮ ಚಿಕ್ಕಮ್ಮಂದು ಅಂದ್ರು ಒಡೆಯರು. ಚಿಕ್ಕಮ್ಮ ಸತ್ತು ಎಷ್ಟು ಕಾಲ ಆಗಿತ್ತು." ಎಲ್ಲರೂ ನಕ್ಕೆವು. ಕೆರಿಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಎಮ್ಮೆಗೂ ಸೈಟ್ ಆಯ್ತು ಹಂಗಾರೆ" ಎಂದ. ಆಮೇಲೆ ಒಬ್ಬೊಬ್ಬರ ನಗು ಒಂದೊಂದು ಹೊತ್ತಿಗೆ ನಿಂತಿತು. ಒಲೆ ಎಣಿಸಿ ಜಾಗ ಕೊಡುತ್ತಾರೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅದೇ ವಾರ ನಮ್ಮ ಅಂಗಳದಲ್ಲಿ ಕೂತು ಅವ್ವನ ಕೈಯ ಮಜ್ಜಿಗೆ ಕುಡಿದು, "ಹುಲಿಯಮ್ಮ, ಒಲೆ ಅಂದ್ರೆ ನಿಮ್ಮದು" ಎಂದು ಹೊಗಳಿ ಹೋಗಿದ್ದರು. ಆ ಮಾತನ್ನು ಅವ್ವ ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ನಾಗರಾಜಪ್ಪ ಎದ್ದು ಹೋದ ಮೇಲೂ ಅವಳು ಹೊಸಿಲು ಬಿಟ್ಟು ಏಳಲಿಲ್ಲ.

ನಮ್ಮವರಲ್ಲಿ ಕೈ ಸೋತವರು ಕೊಟ್ಟ ಬೆಲೆಗೆ ಸೈಟು ಮಾರಿ ಹೋದರು, ಅವನ್ನೂ ಅವರೇ ಕೊಂಡರು. ಸೈಟಿಗೆ ಈಗ ಅವರು ಹೇಳುವ ಬೆಲೆಗೆ ನೀನು ಎರಡು ವರ್ಷ ಉಣ್ಣದೆ ದುಡಿದರೂ ಸಾಲದು. ಕಟ್ಟುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ. ರಸ್ತೆಗೆ ಡಾಂಬರು ಬರಲಿ, ದೀಪದ ಕಂಬ ಬರಲಿ ಎಂದು ಕಾಯುತ್ತಾರೆ. ಕಾಯುವುದಕ್ಕೆ ಅವರಿಗೆ ಖರ್ಚೇ ಇಲ್ಲ. ಇಲ್ಲಿಯ ಪಂಚಾಯ್ತಿಯ ಬಿಲ್ ಕಲೆಕ್ಟರ್ ಗೋಪಾಲಪ್ಪ ಮನೆಗಂದಾಯ ಕೇಳಲು ಬಂದಾಗ, ಆ ಖಾಲಿ ಸೈಟುಗಳಿಗೆ ಎಷ್ಟು ಹಾಕಿದ್ದೀರಿ ಎಂದು ಕೇಳಿದೆ. "ಅದ್ರಲ್ಲಿ ಎಂಥ ಇದೆ ಹಾಕಕ್ಕೆ, ಬರೀ ಹುಲ್ಲು. ಹುಲ್ಲಿಗೆ ಹುಲ್ಲಿನ್ ಕಂದಾಯ" ಎಂದ. ನಮ್ಮ ಮಾಡೂ ಹುಲ್ಲಿನದೇ ಎಂದೆ. "ಒಳಗೆ ಜನ ಇದಾರಲ್ಲಕ್ಕ" ಎಂದ. ನೋಡು ಲೆಕ್ಕ. ಜಾಗದಲ್ಲಿ ಮನುಷ್ಯರು ಬದುಕಿದರೆ ತೆರಿಗೆ. ಮನುಷ್ಯರು ಕಾಲಿಡದ ಹಾಗೆ ಬೇಲಿ ಹಾಕಿದರೆ ಮಾಫಿ. ಇದನ್ನು ಮಾಡಿದವರು ಯಾವ ಶಾಲೆಯಲ್ಲಿ ಓದಿದರೋ ಗೊತ್ತಿಲ್ಲ, ನಾನು ಚಳವಳಿಯ ರಾತ್ರಿಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರಕ್ಕೆ ಇದು ಕಳ್ಳತನ ಎಂದೇ ಕಾಣುತ್ತದೆ.

ಚಳವಳಿಯ ಸಂಘ ಮತ್ತೆ ಎದ್ದಿದೆ. ಹೊಸನಗರದ ಕಡೆಯ ಮುಳುಗಡೆಯವರೂ ಬರುತ್ತಿದ್ದಾರೆ, ಅವರ ಕಥೆಯೂ ಇದೇ. ಒಲೆ ಎಣಿಸಬೇಡಿ, ಸಂಸಾರ ಎಣಿಸಿ. ಸುಳ್ಳು ಒಲೆಯ ಸೈಟು ವಾಪಸು ಪಡೆಯಿರಿ. ಕಟ್ಟದೆ ಇಟ್ಟುಕೊಂಡ ಸೈಟಿಗೆ ಮನೆಗಿಂತ ಹೆಚ್ಚು ಕಂದಾಯ ಹಾಕಿ. ಬಾವಿ ತೋಡುವ ತನಕ ನಾವು ಒಂದು ಪೈಸೆ ಕೊಡುವುದಿಲ್ಲ. ನಾವು ಕೇಳುವುದು ಇಷ್ಟೇ. ಶಿವಮೊಗ್ಗದಿಂದ ದೊಡ್ಡ ಅಧಿಕಾರಿ ವಿಚಾರಣೆಗೆ ಬರಲು ಒಪ್ಪಿದ್ದಾರೆ. ತೀರ್ಥಹಳ್ಳಿಯ ವಕೀಲರು ಮುಕುಂದಯ್ಯ ನಮ್ಮ ಪರ ಮಾತಾಡುತ್ತಾರೆ. ಅವರು ಗದ್ದೆ ತೋಟ ಇರುವ ಮನೆಯವರು, ಆದರೂ ನಮ್ಮ ಜೊತೆ ನೆಲದ ಮೇಲೆ ಕೂರುತ್ತಾರೆ. ಅವರು ಹೇಳಿದ್ದು ಒಂದೇ ಮಾತು, "ಅವರು ಹೀಗೆ ಮಾಡಿದಾರಂತೆ ಅಂತ ನಾನು ಹೇಳಿದ್ರೆ ಎದ್ದು ಹೋಗ್ತಾರೆ. ಕಣ್ಣಾರೆ ಕಂಡ ಒಬ್ಬ ಎದುರು ನಿಂತು ಹೇಳ್ಬೇಕು." ನಾಗರಾಜಪ್ಪನನ್ನು ಕೇಳಿದೆವು. "ನಾ ಯಾವ ಒಲೆ ಕಂಡೆ" ಎಂದು ಪೇಟೆಯಲ್ಲಿ ನಮ್ಮನ್ನು ಕಂಡರೆ ಬೇರೆ ಬೀದಿ ಹಿಡಿಯುತ್ತಾನೆ. ಅವನ ಮೇಲೆ ಸಿಟ್ಟಿಲ್ಲ, ಅವನ ಅನ್ನ ಆ ಮನೆಯಲ್ಲಿದೆ. ಆದರೆ ಅಧಿಕಾರಿ ಬರಿಗೈಲಿ ವಾಪಸು ಹೋದರೆ ಇನ್ನೊಮ್ಮೆ ಬರುವುದಿಲ್ಲ. ಭೂತಪ್ಪಣ್ಣ ಮಳೆಗೆ ಮೊದಲು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹುಲಿಕಲ್ ಕಡೆ ಕೂಲಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ನಾವೂ ಒಲೆ ಒಡೆದಿದ್ದೇವೆ ಎಂದು ಸುಳ್ಳು ಹೇಳೋಣ, ಇನ್ನೊಂದು ಸೈಟು ಕೊಡಲಿ ಎಂದೂ ಅಂದ. ಅವ್ವ, "ಹೇಳು. ಆದ್ರೆ ಅದು ಸುಳ್ಳು ಅಂತ ಮಾತ್ರ ನಂಬ್ಬೇಡ, ಒಡ್ದೇ ಹೋಗಿದೆ" ಎಂದಳು.

ಮೈ ಕೈ ಜೋಪಾನ. ಕನ್ನಮ್ಮನನ್ನು ಗದರಬೇಡ. ಅವ್ವನ ಆಶೀರ್ವಾದ ನಿಮ್ಮಿಬ್ಬರ ತಲೆಯ ಮೇಲೆ ಇರಲಿ, ಅಣ್ಣಂದಿರು ಅತ್ತಿಗೆಯರು ಮಕ್ಕಳು ಎಲ್ಲರೂ ಕೇಳಿದರು ಎಂದು ತಿಳಿ.

ನಿನ್ನ ಅಕ್ಕ,
ಮಾಸ್ತಮ್ಮ

ಕಾಗದ ಅಂಟಿಸುವ ಮೊದಲು ಇದನ್ನು ಸೇರಿಸುತ್ತಿದ್ದೇನೆ. ಈಗಷ್ಟೇ ಗಜಾನನಯ್ಯ ಬಂದು ಹೋದರು. ಕೆರಿಯಪ್ಪನ ಹೆಂಡತಿಯ ಬಾಣಂತನಕ್ಕೆಂದು ಹಿಂದಿನ ಖಾಲಿ ಸೈಟಿನೊಳಗೆ ಒಂದು ಚಪ್ಪರ ಹಾಕಿದ್ದೆವು, ಅದನ್ನು ಕೀಳಿ ಎಂದರು. ಇದು ಯಾವ ಎಮ್ಮೆಯ ಸೈಟು ಎಂದು ಕೇಳಿದೆ. ಸಿಟ್ಟು ಬರಲಿಲ್ಲ ಅವರಿಗೆ. "ಎಮ್ಮೆದಲ್ಲ ಮಾಸ್ತಮ್ಮ, ನಿಮ್ಮ ಜಟ್ಟಿಂಗಂದು. ಭದ್ರಾವತೀಲಿ ಬೇರೆ ಒಲೆ ಹೂಡಿದಾನೆ ಅಂತ ಅವನ ಹೆಸರಿಗೂ ಒಂದು ಬಂದಿತ್ತು. ದೀಪಾವಳಿ ಮಾರನೇ ದಿನ ಮಂಡಿಗೆ ಬಂದು ಅದನ್ನ ನಂಗೆ ರುಜು ಹಾಕಿ ಕೊಟ್ಟು ಹೋದ. ಮನೇಲಿ ಹೇಳಿಲ್ವ" ಎಂದರು. ಅವರು ಹೋದ ಮೇಲೆ ಅವ್ವ, "ಬೈದು ಬರೀಬೇಡ ಅವ್ನಿಗೆ" ಎಂದಳು. ಬೈಯುತ್ತಿಲ್ಲ, ಕೇಳುತ್ತಿದ್ದೇನೆ. ರುಜು ಹಾಕಿದೆಯಾ. ಹಾಕಿಲ್ಲವಾದರೆ ಅವರ ಸುಳ್ಳು ನಿನ್ನ ಬಾಯಲ್ಲೇ ಬಯಲಾಗಲಿ. ಹಾಕಿದ್ದರೆ ನಿನಗೆ ಏನು ಹೇಳಿ, ಏನು ಕೊಟ್ಟು ಹಾಕಿಸಿಕೊಂಡರೋ ಅದನ್ನು ಹೇಳು. ನಾಚಿಕೆಯಾಗುತ್ತದೆ, ಆಗಲಿ. ಕಣ್ಣಾರೆ ಕಂಡವನು ನಮಗೆ ಬೇಕಿತ್ತು, ಅದು ನೀನೇ ಆದೆ. ಉತ್ತರ ಬರೆಯಬೇಡ, ಬಾ. ವಿಚಾರಣೆ ಇಲ್ಲೇ ಗುಡ್ಡೇಬಯಲಿನ ಶಾಲೆಯ ಎದುರು, ಇದೇ ತಿಂಗಳ ಇಪ್ಪತ್ತೆರಡು, ಸೋಮವಾರ, ಬೆಳಗ್ಗೆ ಹತ್ತು ಗಂಟೆಗೆ.