ಎಲೆಯ ಮೇಲೆ ಎರಡು ಹೊಲಿಗೆ

೮ ನವೆಂಬರ್ ೨೦೦೫, ಮಂಗಳವಾರ. ಬೆಳಿಗ್ಗೆ ೫:೪೦

ಕೆಟ್ಟ ಕನಸು. ಸಿಂಪಿಗ ಹಕ್ಕಿ ನನ್ನ ಹೊಲಿಗೆ ಮಿಷನ್ನಿನ ಮೇಲೆ ಕೂತು, ನಾನು ಹೊಲಿದ ಬ್ಲೌಸುಗಳನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಿತ್ತು. ಬೈಯಲಿಲ್ಲ. ಬರೀ ಬಿಚ್ಚುತ್ತಿತ್ತು. ಎದ್ದು ಗ್ಯಾಸ್ ನೋಡಿದೆ, ಬಂದ್ ಆಗಿತ್ತು. ಡಬ್ಬಿಯ ಸೂಜಿ ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ.

ಕನಸಿಗೆ ಕಾರಣ ಗೊತ್ತು. ಶನಿವಾರ ಮ್ಯೂಸಿಯಂನಲ್ಲಿ ಹಕ್ಕಿಗೂಡುಗಳ ಧೂಳು ತೆಗೆಯುತ್ತಿದ್ದೆ. ಮೆತ್ತನೆ ಬ್ರಶ್, ಅಲ್ಲಿ ಗೂಡು-ಮೊಟ್ಟೆ ನೋಡಿಕೊಳ್ಳುವ ಉಷಾ ಮೇಡಂ ಕಲಿಸಿದ ಹಾಗೇ. ಸಿಂಪಿಗನ ಗೂಡೆಂದರೆ ಎರಡು ಒಣಗಿದ ಎಲೆ, ಅಂಚಿಗೆ ಅಂಚು ಕೂಡಿಸಿ ಹಕ್ಕಿಯೇ ಕೊಕ್ಕಿನಿಂದ ಹೊಲಿದದ್ದು. ಒಂದು ಕಡೆ ಹೊಲಿಗೆ ಬಿಟ್ಟು ಬಾಯಿ ತೆರೆದಿತ್ತು. ನನ್ನ ಚೀಲದಲ್ಲಿ ಸೂಜಿ-ದಾರ ಇದ್ದೇ ಇರುತ್ತದೆ. ಯೋಚಿಸಲಿಲ್ಲ. ಹರಿದದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಉಸಿರು ಹಿಡಿದು, ಹಕ್ಕಿ ಮಾಡಿದ ತೂತುಗಳಲ್ಲೇ ದಾರ ಪೋಣಿಸಿ ಹೊಲಿದುಬಿಟ್ಟೆ. ಸೀರೆಗೆ ಫಾಲ್ ಹಚ್ಚುವ ಹಾಗೆ ಗಂಟನ್ನು ಒಳಗೆ ಮುಚ್ಚಿದೆ. ಚೆನ್ನಾಗಿ ಬಂತೆಂದು ಖುಷಿ ಬೇರೆ.

ಆಮೇಲೆ ನೇತ್ರಾ ಬಂದಳು. ಕೊಂಡಾಪುರದ ಸಾಫ್ಟ್‌ವೇರ್ ಹುಡುಗಿ, ಅವಳೂ ನನ್ನ ಹಾಗೆ ವಾಲಂಟಿಯರ್. ಮುಂದಿನ ಶನಿವಾರ ಎಲ್ಲ ಗೂಡುಗಳ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕುತ್ತಾಳಂತೆ. ಸಿಂಪಿಗನದು ಎಷ್ಟು ಹೊಲಿಗೆ ಅನ್ನುವುದೂ ಸೇರಿ. ಮೇಡಂ ಅವಳಿಗೆ ಹೇಳುತ್ತಿದ್ದರು — “ಇಲ್ಲಿರೂದಕ್ಕ ನಾವು ಏನೂ ಕೂಡಸೂ ಹಂಗಿಲ್ಲ, ತಗಿಯೂ ಹಂಗಿಲ್ಲ. ಕೂಡಿಸಿದ್ರ ಅದು ಹಕ್ಕಿದು ಆಗಂಗಿಲ್ಲ.”

ಬ್ರಶ್ ಕೈಯಲ್ಲೇ ಉಳಿಯಿತು.

ಅದೇ ದಿನ, ಸಂಜೆ ೪

ಹೋಗಿದ್ದೆ. ಹೇಳಲಾಗಲಿಲ್ಲ. ಚಿಟ್ಟೆ ಪೆಟ್ಟಿಗೆಗಳ ಗಾಜು ಒರೆಸಿ ಬಂದೆ.

ಹೇಳಿದರೆ ಬರಬೇಡಿ ಅಂದುಬಿಟ್ಟರೆ? ಮೇಡಂ ಗುಲ್ಬರ್ಗಾದವರು. ಈ ತೆಲುಗು ಊರಿನಲ್ಲಿ, ತಾರ್ನಾಕದ ಬಸ್ಸಿನಲ್ಲಿ ನನ್ನ ಕನ್ನಡ ಕೇಳಿ ತಾವಾಗಿ ಮಾತಾಡಿಸಿದರು. ಹೊಲಿಗೆಯವಳು ಅಂದೆ. “ಕೈ ತೋರಸ್ರಿ” ಅಂದರು. ಕೈ ನೋಡಿಯೇ ಕರೆದರು. ಎಷ್ಟು ಓದಿದ್ದೀರಿ ಎಂದು ಇವತ್ತಿನವರೆಗೆ ಕೇಳಿಲ್ಲ. ಆರನೇ ತರಗತಿ... ಅದೂ ಮೂರು ಶಾಲೆ, ನಡುವೆ ಎರಡು ವರ್ಷ ಖಾಲಿ. ಅಂಥವಳ ಕೈಗೆ ನೂರು ವರ್ಷದ ಮೊಟ್ಟೆ ಕೊಟ್ಟು, ನೋಡಿಕೊಳ್ಳಿ ಎಂದು ಹೇಳಿ ಚಹಾ ಕುಡಿಯಲು ಹೋಗುತ್ತಾರೆ. ಅಂಥವರಿಗೆ ನಾನು ಹೀಗೆ.

೧೦, ಗುರುವಾರ

ಇವರಿಗೆ ಹೇಳಿದೆ. ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚುತ್ತಿದ್ದರು.

“ಹಕ್ಕಿಗೇ ಫಾಲ್ ಹಚ್ಚಿ ಕೊಟ್ಟಿಯೇನ ನೀ?”

“ನಗಬ್ಯಾಡ್ರಿ.”

“ನಗಾಕತ್ತಿಲ್ಲ. ನಮ್ಮ ಫ್ಯಾಕ್ಟರಿಯಾಗ ಒಂದ್ ಸ್ಕ್ರೂ ಬದಲ್ ಮಾಡಿದ್ರೂ ಬುಕ್ಕಿನಾಗ ಬರದು ಸಹಿ ಮಾಡ್ತೀವಿ. ಹೋಗಿ ಹೇಳು.”

“ಬರಬ್ಯಾಡ ಅಂದ್ರ?”

“ಅಂದ್ರ ಮತ್ತ ದಿನಾ ಮನ್ಯಾಗ ಕುಂತು ಸೂಜಿ ಎಣಸ್ತಿ. ನೀ ಅಲ್ಲಿರೂದು ನನಗೂ ಚಲೋ ಐತಿ, ಕೈ ಮುಗದು ಕೇಳ್ಕೊ.”

ಬೂಟು ಇಟ್ಟು, ಅವರೇ ಚಹಾಕ್ಕೆ ನೀರಿಟ್ಟರು.

೧೨, ಶನಿವಾರ. ಸಂಜೆ ೬

ಹೇಳಿದೆ.

ಬಸ್ಸಿನಲ್ಲಿ ಮೂರು ಸಲ ಮಾತು ಕಟ್ಟಿಕೊಂಡಿದ್ದೆ, ಒಂದೂ ಬರಲಿಲ್ಲ. ನೇತ್ರಾ ಕ್ಯಾಮೆರಾ ನಿಲ್ಲಿಸಿ ಸಿಂಪಿಗನ ಗೂಡಿನ ತಟ್ಟೆಗೆ ಕೈ ಹಾಕಿದಳು. “ಅದರಾಗ ನನ್ನ ಹೊಲಿಗಿ ಅದಾವ್ರಿ” ಅಂದೆ. ಅಷ್ಟೇ.

ಮೇಡಂ ಕನ್ನಡಕ ತೆಗೆದರು. “ಯಾಕ್ರಿ, ಅವತ್ತೇ ಹೇಳಲಿಲ್ಲ?”

“ಅಂಜಿಕಿ ಬಂತ್ರಿ.”

“ನನಗ ಅಂಜಿದ್ರೇನು?”

“ಇಲ್ರಿ... ಇಲ್ಲಿ ಬರೂದು ತಪ್ಪತೈತಿ ಅಂತ.”

ಮೇಡಂ ಎದ್ದರು. ಭೂತಗಾಜು ತಂದು ಗೂಡಿನ ಮೇಲೆ ಬಾಗಿದರು.

“ಬರ್ರಿ, ನೋಡ್ರಿ. ಹಕ್ಕಿ ಗಂಟ್ ಹಾಕಂಗಿಲ್ಲ. ಎಳಿ ತುದಿ ಅರಳಿ ತೂತಿನಾಗ ಸಿಕ್ಕೊಂಡು ನಿಲ್ತದ. ಗಂಟ್ ಇದ್ದದ್ದು ನಿಮ್ದು. ಒಂದು... ಎರಡು.”

“ಬಿಚ್ಚಲೇನ್ರಿ?”

“ಮುಟ್ಟಬ್ಯಾಡ್ರಿ, ಎಲಿ ಪುಡಿ ಆಗ್ತದ. ತಪ್ಪು ಮಾಡೀರಿ, ಭಾಗ್ಯಶ್ರೀ. ಬರದಿಟ್ರ ಅದೂ ಗೂಡಿನ ಕತಿಯಾಗ ಒಂದ್ ಸಾಲು. ಬರೀದಿದ್ರ ಸುಳ್ಳು.” ಕಾರ್ಡ್ ನನ್ನ ಕಡೆ ಸರಿಸಿದರು. “ನೀವೇ ಬರೀರಿ. ಕನ್ನಡದಾಗ. ಕೆಳಗ ನಾ ಇಂಗ್ಲಿಷಿನಾಗ ಬರೀತೀನಿ.”

ಪೆನ್ನು ತೆಗೆದುಕೊಂಡೆ. ಬರೆದೆ: ಎರಡು ಹೊಲಿಗೆ, ಬಿಳಿ ಕಾಟನ್ ದಾರ, ೫-೧೧-೨೦೦೫, ಹೊಲಿದವಳು ಭಾಗ್ಯಶ್ರೀ.

ನೇತ್ರಾ ಕಾರ್ಡಿನ ಫೋಟೋ ತೆಗೆದಳು. “ಆಂಟಿ, ನಮ್ಮ ಆಫೀಸಲ್ಲಿ ತಪ್ಪು ಮಾಡಿದ್ರೆ ಬೇರೆಯವರ ಹೆಸರು ಹಾಕಿ ಮೇಲ್ ಕಳಿಸ್ತೀವಿ. ನೀವು ಬಂದು ಸ್ವಲ್ಪ ಟ್ರೇನಿಂಗ್ ಕೊಡಿ.” ಮೇಡಂ ನಕ್ಕರು. ನನಗೆ ನಗು ಬಂತೋ ಅಳು ಬಂತೋ... ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಹೊರಡುವಾಗ ಕೇಳಿದೆ, “ಮಂಗಳವಾರ ಬರ್ಲೇನ್ರಿ?”

“ಬರಂಗಿಲ್ಲೇನು ಮತ್ತ? ಗೀಜಗನ ಗೂಡು ಯಾರ್ ನೋಡ್ಬೇಕು? ಸೂಜಿ ಮಾತ್ರ ಮನ್ಯಾಗ ಇಟ್ ಬರ್ರಿ.”

ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬಂದೆ. ಯಾಕೋ ಕೂರಬೇಕೆನಿಸಲಿಲ್ಲ. ನನ್ನ ಹೆಸರು ಶಾಲೆಯ ಹಾಜರಿ ಪುಸ್ತಕದಿಂದ ಮೂರು ಸಲ ಅಳಿಸಿಹೋಗಿದೆ. ಇವತ್ತು ಒಂದು ಹಕ್ಕಿಯ ಗೂಡಿನ ಜೊತೆ ಉಳಿಯಿತು. ಆ ಮೇಡಂ ಚೆನ್ನಾಗಿರಲಿ. ಅವರ ಮೊಣಕಾಲು ನೋವು ಕಡಿಮೆಯಾಗಲಿ.

೧೩, ಭಾನುವಾರ. ಬೆಳಿಗ್ಗೆ ೬

ಕನಸಿಲ್ಲ. ಚೆನ್ನಾಗಿ ನಿದ್ದೆ ಬಂತು. ಸೂಜಿ ಎಣಿಸಲಿಲ್ಲ. ಚಹಾ ಸೋಸುವಾಗ ನೆನಪಾಯಿತು.

ಆ ಶನಿವಾರ ತಟ್ಟೆಯಲ್ಲಿ ಒಂದು ಹತ್ತಿ ಎಳೆ ಬಿದ್ದಿತ್ತು. ಹಕ್ಕಿಯದೇ. ಕಳೆದುಹೋಗಬಾರದೆಂದು ಅದನ್ನೂ ಕೆಳಗಿನ ತೂತಿಗೆ ಸೂಜಿಯ ಮೊನೆಯಿಂದ ತುರುಕಿದೆನೇ? ತುರುಕಬೇಕು ಅಂದುಕೊಂಡು ಬಿಟ್ಟೆನೇ? ಎಳೆ ಹಕ್ಕಿಯದು, ತೂತು ಹಕ್ಕಿಯದು. ಗಂಟಿಲ್ಲ. ಭೂತಗಾಜಿಗೂ ಸಿಗುವುದಿಲ್ಲ. ಕಾರ್ಡಿನಲ್ಲಿ ಎರಡು ಎಂದು ಬರೆದವಳು ನಾನು. ಮೇಡಂ ನಂಬಿದ್ದಾರೆ.

ಈ ಸಲ ಮಂಗಳವಾರದವರೆಗೆ ಕಾಯುವುದಿಲ್ಲ. ಎಂಟಕ್ಕೆ ಎಸ್‌ಟಿಡಿ ಬೂತ್ ತೆರೆಯುತ್ತದೆ, ಮೇಡಂ ಮನೆಗೆ ಫೋನ್ ಮಾಡುತ್ತೇನೆ. ಮಾತು ಮರೆಯಬಾರದು, ಬರೆದಿಟ್ಟುಕೊಂಡು ಹೋಗುತ್ತೇನೆ —

ಮೇಡಂ, ನೇತ್ರಾ ಕಂಪ್ಯೂಟರಿಗೆ ಹಾಕೂದಕ್ಕಿಂತ ಮೊದ್ಲ ಇನ್ನೊಂದ್ ಸಲ ನೋಡ್ರಿ. ಎಡಗಡಿ ಎಲಿ, ಎಲ್ಲಕ್ಕಿಂತ ಕೆಳಗಿನ ಹೊಲಿಗಿ. ಅದು ಹಕ್ಕಿದೋ ಏನು ನಂದೋ, ನನಗ ನೆನಪಿಲ್ರಿ.