ಇಂಗ್ಲಿಷಿನಲ್ಲಿ ಕಳೆದ ರಜೆ

ಕೊಚ್ಚಿ
ಸಂಕ್ರಾಂತಿ ಕಳೆದ ಸೋಮವಾರ, ೧೯೭೮

ಅವ್ವಾ,

ಈ ಕಾಗದವನ್ನು ತಂಗಿ ಬೊಮ್ಮಕ್ಕ ನಿನ್ನ ಹಾಸಿಗೆಯ ಪಕ್ಕ ಕೂತು ಓದುತ್ತಾಳೆ. ಅವಸರ ಮಾಡದೆ ಓದು ಎಂದು ಅವಳಿಗೆ ಬೇರೆಯಾಗಿ ಬರೆದಿದ್ದೇನೆ. ನಿನಗೆ ಎಲ್ಲವೂ ಕೇಳಿಸುತ್ತದೆ, ಎಲ್ಲವೂ ತಿಳಿಯುತ್ತದೆ, ಮಾತು ಮಾತ್ರ ಹೊರಗೆ ಬರುವುದಿಲ್ಲ ಎಂದು ದುರ್ಗದ ಡಾಕ್ಟರು ಹೇಳಿದ್ದರಲ್ಲ. ಹೋದ ಸಲ ಬಂದಾಗ ನಿನ್ನ ಎದುರು ಕೂತು ಹೇಳಲಾಗದೆ ಹೋದದ್ದನ್ನು ಈಗ ಬರೆಯುತ್ತಿದ್ದೇನೆ.

ಎಪ್ಪತ್ತೈದರ ಬೇಸಿಗೆ ನಿನಗೆ ನೆನಪಿರುತ್ತದೆ. ನೌಕಾಪಡೆಗೆ ಅಧಿಕಾರಿಗಳನ್ನು ಆರಿಸುವ ಬೆಂಗಳೂರಿನ ಮಂಡಳಿ ನನ್ನನ್ನು ಒಮ್ಮೆ ಬೇಡವೆಂದು ಕಳಿಸಿತ್ತು. ಹಡಗಿನಲ್ಲಿ ನನ್ನದು ಬಾವುಟ ಮತ್ತು ದೀಪಗಳಿಂದ ಸುದ್ದಿ ಕಳಿಸುವ ಕೆಲಸ. ಬಾಯಿ ತೆರೆಯದೆ ಮೈಲಿ ದೂರದ ಹಡಗಿನ ಜತೆ ಮಾತಾಡಬಲ್ಲವನು ನಾನು. ಆ ಕೆಲಸ ನೋಡಿಯೇ ನಮ್ಮ ಕ್ಯಾಪ್ಟನ್ ಸಾಹೇಬರು, ಈ ನಾವಿಕ ಅಧಿಕಾರಿಯಾಗಲು ತಕ್ಕವನು ಎಂದು ಶಿಫಾರಸು ಬರೆದಿದ್ದರು. ಆದರೆ ಮಂಡಳಿಯ ಮುಂದೆ ಪರೀಕ್ಷೆಗೆ ಬಂದವರೆಲ್ಲ ಸುತ್ತ ಕೂತು ಇಂಗ್ಲಿಷಿನಲ್ಲಿ ಚರ್ಚೆ ಮಾಡಬೇಕಿತ್ತು. ನಾನು ಮನಸ್ಸಿನಲ್ಲಿ ಕನ್ನಡದಲ್ಲಿ ಯೋಚಿಸಿ, ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಳ್ಳುವ ಹೊತ್ತಿಗೆ ಮಾತು ಇನ್ನೆಲ್ಲಿಗೋ ಹೋಗಿಬಿಡುತ್ತಿತ್ತು. ಮುಂದಿನ ಸಲವೂ ಆಗದಿದ್ದರೆ ವಯಸ್ಸು ಮೀರುತ್ತದೆ ಎಂದು ಸಾಹೇಬರು ಉಳಿದಿದ್ದ ರಜೆಯನ್ನೆಲ್ಲ ಸೇರಿಸಿ ಊರಿಗೆ ಕಳಿಸಿದರು.

ನೀನು ಎಲ್ಲವನ್ನೂ ಕೇಳಿಸಿಕೊಂಡು, "ಕೆಲಸ ಬರ್ತೈತೋ ಇಲ್ವೋ ನಿಂಗೆ?" ಅಂದೆ. ಬರುತ್ತದೆ ಎಂದು ನಾನು ಹೇಳಿದೆ. "ಬಾಯಿ ಒಂದು ತಿರುಗಬೇಕಲ್ಲ, ಅಷ್ಟೇ ತಾನೆ?" ಅಂದೆ ನೀನು.

ಹಿರಿಯೂರಿನಲ್ಲಿ ನಮಗೆಲ್ಲ ಇಂಗ್ಲಿಷ್ ಹೇಳಿಕೊಟ್ಟ ಜಂಬಣ್ಣ ಮೇಷ್ಟ್ರ ಹತ್ತಿರ ಹೋದೆ. ವ್ಯಾಕರಣವೆಲ್ಲ ನಿನಗೆ ಬರುತ್ತದಪ್ಪ, ಎದ್ದಾಗಿನಿಂದ ಮಲಗುವವರೆಗೂ ಅದರಲ್ಲೇ ಮಾತಾಡು, ಬೇರೆ ದಾರಿ ಇಲ್ಲ ಎಂದರು. ನಮ್ಮೂರು ಯಲ್ಲದಕೆರೆಯಲ್ಲಿ ಯಾರ ಜತೆ ಮಾತಾಡಲಿ ಎಂದು ಮನೆಗೆ ಬಂದು ನಗುತ್ತ ಹೇಳಿದೆ. ನೀನು ನಗಲಿಲ್ಲ.

"ನನ್ ಜತೆ ಆಡು."

"ನಿಂಗೆ ತಿಳಿಯಲ್ಲವಲ್ಲ ಅವ್ವ."

"ನಂಗ್ಯಾಕೆ ತಿಳೀಬೇಕು? ಪರೀಕ್ಷೆ ಇರೋದು ನಿಂಗೆ."

ಮರುದಿನದಿಂದ ಅದೇ ನಡೆಯಿತು. ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗುವಾಗ ನಾನೂ ನಿನ್ನ ಜತೆ ಬರುತ್ತಿದ್ದೆ. ಹಡಗಿನ ಎಂಜಿನ್ನಿನ ವಿಷಯ, ಎಪ್ಪತ್ತೊಂದರ ಯುದ್ಧದ ವಿಷಯ, ದೇಶದಲ್ಲಿ ಬೆಲೆ ಏರಿದ್ದಕ್ಕೆ ಕಾರಣಗಳು, ಎಲ್ಲವನ್ನೂ ನಿನಗೆ ಇಂಗ್ಲಿಷಿನಲ್ಲಿ ಹೇಳಿದೆ. ನೀನು ಕೋಲು ಊರಿಕೊಂಡು, ನನ್ನ ಮುಖವನ್ನೇ ನೋಡುತ್ತ ಕೇಳುತ್ತಿದ್ದೆ. ನಾನು ತಡವರಿಸಿದರೆ ನಿನಗೆ ಗೊತ್ತಾಗುತ್ತಿತ್ತು. "ಅಲ್ಲಿ ಎಡವಿದೆ ನೋಡು, ಇನ್ನೊಂದ್ಸಲ ಹೇಳು," ಅನ್ನುತ್ತಿದ್ದೆ. ನಾನು ಬಾಯಿ ತಪ್ಪಿ ಕನ್ನಡ ಆಡಿದರೆ ನೀನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಓಣಿಯ ಜನಕ್ಕೂ ಕಟ್ಟುನಿಟ್ಟು ಮಾಡಿದ್ದೆ: ನನ್ ಮಗನ ಜತೆ ಯಾರೂ ಕನ್ನಡ ಆಡಬ್ಯಾಡ್ರಿ, ಪರೀಕ್ಷೆ ಮುಗೀಲಿ. ಪಕ್ಕದ ಮನೆ ಮಾರಪ್ಪ ನಿನ್ನ ಹೆಸರು ಹಿಡಿದು, ಕಾಳಕ್ಕನ ಕುರಿಗಳೂ ಇಂಗ್ಲಿಷ್ ಕಲಿತವೆ ಎಂದು ಊರನ್ನೆಲ್ಲ ನಗಿಸಿಕೊಂಡು ಓಡಾಡಿದ.

ಒಂದು ಬೆಳಿಗ್ಗೆ ಮಂದೆ ಕೂಡುವ ರೊಪ್ಪದಲ್ಲಿ ಒಂದು ಕುರಿ ಈಯುವಾಗ ಮರಿ ಅಡ್ಡ ಸಿಕ್ಕಿಕೊಂಡಿತು. ಗಾಬರಿಯಲ್ಲಿ ನಾನು "ಅವ್ವಾ, ಮರಿ ಸಾಯ್ತೈತೆ ಬಾ" ಎಂದು ಕೂಗಿದೆ. ನೀನು ಓಡಿ ಬಂದು, ಒಳಗೆ ಕೈ ಹಾಕಿ ಮರಿಯನ್ನು ತಿರುಗಿಸುತ್ತಲೇ, "ಅದನ್ನೇ ಅದ್ರಾಗೆ ಹೇಳು," ಅಂದೆ. ಹೇಳಿದೆ. ನೀನು ತಲೆಯಾಡಿಸಿ ಮರಿಯನ್ನು ಎಳೆದು ನೆಲಕ್ಕೆ ಬಿಟ್ಟೆ. ಅದು ಕಾಲು ಒದರಿತು. ನಾವಿಬ್ಬರೂ ನಕ್ಕೆವು. ಆ ರಜೆಯಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೊಂದೇ ಸಲವಿರಬೇಕು.

ನನಗೆ ಆಗ ಎಷ್ಟು ಹುರುಪು. ದಿನದಿಂದ ದಿನಕ್ಕೆ ನಾಲಿಗೆ ಸಡಿಲಾಗುತ್ತಿತ್ತು. ನಾನು ಒಂದೇ ಸಮನೆ ಮಾತಾಡುತ್ತಿದ್ದೆ, ನೀನು ಕೇಳುತ್ತಿದ್ದೆ. ಅಪ್ಪ ಹೋದ ಮೇಲೆ ಒಬ್ಬಳೇ ಮಂದೆ ಕಾಯ್ದವಳು, ಮಗ ಹಡಗು ಹತ್ತಿದ ಮೇಲೆ ವರ್ಷಕ್ಕೊಮ್ಮೆ ಅವನನ್ನು ಕಾಣುವವಳು, ನಿನಗೂ ಆಡುವ ಮಾತು ಇದ್ದಿರಬೇಕು ಎಂಬುದು ನನಗೆ ಹೊಳೆದದ್ದು ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ. ಬೆಂಗಳೂರು ಬಸ್ಸು ಹೊರಡುವುದರಲ್ಲಿತ್ತು. ನೀನು ನನ್ನ ಮುಂಗೈ ಹಿಡಿದು, "ಪಾಲಣ್ಣ, ನಿನ್ನತ್ರ ಒಂದು ಮಾತು ಆಡಾದೈತೆ," ಅಂದೆ. ಏನವ್ವ ಅಂದೆ. ನೀನು ನನ್ನನ್ನು ನೋಡಿದೆ, ಬಸ್ಸನ್ನು ನೋಡಿದೆ. "ಈಗ ಬ್ಯಾಡ. ಈಗ ಅದ್ನ ತಲೇಗೆ ತುಂಬಬಾರದು. ಗೆದ್ದು ಬಾ, ಕುಂತು ಆಡಾಣ."

ಗೆದ್ದೆ ಅವ್ವ. ಚರ್ಚೆಯಲ್ಲಿ ಮೊದಲು ಬಾಯಿ ತೆರೆದವನೇ ನಾನು. ಕೊನೆಗೆ ಸಂದರ್ಶನದಲ್ಲಿ ಮಂಡಳಿಯ ಹಿರಿಯರು, ಹೋದ ವರ್ಷಕ್ಕಿಂತ ನಿಮ್ಮ ಇಂಗ್ಲಿಷ್ ಬಹಳ ಸುಧಾರಿಸಿದೆ, ಯಾರ ಜತೆ ಅಭ್ಯಾಸ ಮಾಡಿದಿರಿ ಎಂದು ಕೇಳಿದರು. ನಮ್ಮ ತಾಯಿಯ ಜತೆ ಎಂದೆ. ಎಲ್ಲಿಯವರೆಗೆ ಓದಿದ್ದಾರೆ ಎಂದರು. ಶಾಲೆಗೆ ಹೋಗಿಲ್ಲ, ಕುರಿ ಕಾಯುತ್ತಾರೆ ಎಂದೆ. ಹಾಗಾದರೆ ನೀವು ಆಡಿದ್ದು ಅವರಿಗೆ ಅರ್ಥವಾಗುತ್ತಿತ್ತೇ ಎಂದರು. ಇಲ್ಲ ಸಾರ್, ಆದರೂ ಪೂರ್ತಿ ಕೇಳುತ್ತಿದ್ದರು ಎಂದೆ. ಅವರು ಮುಂದಿದ್ದ ಹಾಳೆಯಲ್ಲಿ ಏನೋ ಬರೆದುಕೊಂಡು, ನೀವು ಹೋಗಬಹುದು ಎಂದರು.

ಅಲ್ಲಿಂದ ಹಡಗು, ಹಡಗಿನಿಂದ ಕೊಚ್ಚಿಯ ತರಬೇತಿ. ನಡುವೆ ಊರಿಗೆ ಬರಲಾಗಲಿಲ್ಲ. ಆ ಮಾತು ಏನೆಂದು ಬೊಮ್ಮಕ್ಕನ ಕೈಯಲ್ಲಿ ಬರೆಸು ಎಂದು ಕೇಳಿಕೊಂಡಿದ್ದೆ. ಅದು ಕಾಗದಕ್ಕೆ ಹೇಳುವ ಮಾತಲ್ಲವಂತೆ, ನೀನು ಬಂದ ಮೇಲೇ ಅಂತೆ ಎಂದು ಅವಳು ಬರೆದಳು. ಹೆಗಲಿಗೆ ಅಧಿಕಾರಿಯ ಚಿನ್ನದ ಪಟ್ಟಿ ಬಂದು ಇನ್ನೂ ತಿಂಗಳು ತುಂಬಿರಲಿಲ್ಲ, ನಿನಗೆ ಲಕ್ವ ಹೊಡೆದಿದೆ ಎಂದು ತಂತಿ ಬಂತು.

ನಾನು ಬಂದಾಗ ನೀನು ಗೋಡೆಗೆ ಒರಗಿ ಕೂತಿದ್ದೆ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈ ಎತ್ತಿ ನನ್ನ ಹೆಗಲ ಪಟ್ಟಿಯನ್ನು ಮುಟ್ಟಿದೆ, ಉಗುರಿನಿಂದ ಕೆರೆದು ನೋಡಿದೆ. ಬೊಮ್ಮಕ್ಕ ಅಳುತ್ತಿದ್ದಳು. ನಿನ್ನ ಕಣ್ಣಲ್ಲಿ ಮಾತ್ರ ಗೆದ್ದವಳ ಕಳೆ ಇತ್ತು.

ಆಮೇಲೆ ನಾನು ಕೇಳಲು ಶುರು ಮಾಡಿದೆ. ಮದುವೆಯ ಮಾತೇ ಅವ್ವ? ಅಲ್ಲ ಎಂದು ನೀನು ತಲೆಯಾಡಿಸಿದೆ. ಬೊಮ್ಮಕ್ಕನ ವಿಷಯವೇ? ಅಲ್ಲ. ಮಂದೆಯದೇ? ಅಪ್ಪನದೇ? ಅಪ್ಪನ ಹೆಸರು ತೆಗೆದಾಗ ನೀನು ಒಂದು ಗಳಿಗೆ ತಡೆದೆ, ಬಾಯಿ ತೆರೆದೆ. ಬಂದದ್ದು ಬರೀ ಒಂದು ಸ್ವರ. ಇನ್ನೊಮ್ಮೆ ಯತ್ನಿಸಿದೆ, ಅದೇ ಸ್ವರ. ನಿನ್ನ ಕಣ್ಣು ತುಂಬಿದ್ದನ್ನು ನೋಡಿ ನಾನು ಕೇಳುವುದನ್ನು ನಿಲ್ಲಿಸಿದೆ. ಅಪ್ಪ ಕೊನೆಗೆ ಏನಾದರೂ ಹೇಳಿ ಹೋಗಿದ್ದನೋ, ನಿನ್ನ ಮನಸ್ಸಿನಲ್ಲಿ ಅವನ ಮೇಲೆ ಏನಿತ್ತೋ, ನನಗೆ ಇನ್ನು ತಿಳಿಯುವುದಿಲ್ಲ. ನಿನಗೆ ಇನ್ನೂ ಮಾತು ಇದ್ದ ಆ ಬೇಸಿಗೆಯ ಬೆಳಗು ಬೈಗುಗಳನ್ನೆಲ್ಲ ಬೆಲೆ ಏರಿಕೆಯ ಕಾರಣಗಳನ್ನು ನಿನಗೆ ವಿವರಿಸುತ್ತ ಕಳೆದೆನಲ್ಲ ಎಂಬುದು ಈ ಸಮವಸ್ತ್ರ ಹಾಕಿಕೊಳ್ಳುವಾಗಲೆಲ್ಲ ನೆನಪಾಗುತ್ತದೆ.

ಇಲ್ಲಿ ನನ್ನ ಕೈಕೆಳಗೆ ಹೊಸದುರ್ಗದ ಕಡೆಯ ಈರಬಸಪ್ಪ ಎಂಬ ನಾವಿಕನಿದ್ದಾನೆ. ಅವನೂ ಅಧಿಕಾರಿ ಆಯ್ಕೆಗೆ ಅರ್ಜಿ ಹಾಕಿದ್ದಾನೆ. ರಜೆಗೆ ಹೋಗುವಾಗ, ಸಾರ್, ಈ ಸಲ ಮನೆಯವರ ಜತೆಯೂ ಇಂಗ್ಲಿಷಿನಲ್ಲೇ ಮಾತಾಡುತ್ತೇನೆ ಎಂದ. "ಬ್ಯಾಡ ಕಣಪ್ಪ," ಅಂದೆ. "ಇಂಗ್ಲಿಷ್ ನನ್ ಜತೆ ಆಡು, ವಾಪಸ್ ಬಂದ್ಮೇಲೆ ದಿನಾ ಸಂಜೆ ಬಾ. ಊರಾಗೆ ಅವರು ಏನ್ ಹೇಳ್ತಾರೋ ಕೇಳಿಸ್ಕಂಡು ಬಾ." ಮೊನ್ನೆ ವಾಪಸ್ಸು ಬಂದ. ರಜೆ ಹೇಗಾಯಿತು ಎಂದೆ. ತಲೆ ಕೆರೆದುಕೊಳ್ಳುತ್ತ, "ಏನ್ ಹೇಳಲಿ ಸಾರ್, ನಾನು ಹೋದ ದಿನದಿಂದ ಹೊರಡೋವರೆಗೂ ನಮ್ಮವ್ವ ಬಾಯಿ ಮುಚ್ಚಲೇ ಇಲ್ಲ," ಎಂದ.

ಏನೇನು ಹೇಳಿದರು ಎಂದು ಕೇಳಿದೆ. ಕೇಳಿದರೆ ನಿಮಗೆ ಬೇಸರವಾಗುತ್ತದೆ ಸಾರ್ ಎಂದ. ಪರವಾಗಿಲ್ಲ ಹೇಳು ಎಂದು ಕುರ್ಚಿ ಎಳೆದು ಕೊಟ್ಟೆ. ಎಮ್ಮೆ ಹಾಲು ಕಡಿಮೆ ಮಾಡಿದ್ದು, ಸೊಸೆ ಸಾರಿಗೆ ಉಪ್ಪು ಹೆಚ್ಚು ಹಾಕುವುದು, ತವರಿನಲ್ಲಿ ಯಾರೋ ಕರೆಯದೆ ಬಿಟ್ಟದ್ದು, ಹೀಗೆ ಅವನು ಹೇಳುತ್ತಲೇ ಹೋದ. ನಾನು ಒಂದು ಮಾತೂ ಬಿಡದೆ ಕೇಳಿಸಿಕೊಂಡೆ.

ಯುಗಾದಿಗೆ ಬರುತ್ತೇನೆ ಅವ್ವ. ಏನನ್ನೂ ಕೇಳುವುದಿಲ್ಲ. ನಿನ್ನ ಪಕ್ಕ ಕೂತಿರುತ್ತೇನೆ. ಅಲ್ಲಿಯವರೆಗೆ ಬೊಮ್ಮಕ್ಕ ನಿನ್ನ ಎಡಗೈಯನ್ನು ಈ ಕಾಗದದ ಮೇಲೆ ಒಮ್ಮೆ ಇಡಲಿ, ಅದು ನನ್ನ ತಲೆಯ ಮೇಲೆ ಇಟ್ಟಂತೆಯೇ. ನಿನ್ನ ಜೀವ ತಂಪಾಗಿರಲಿ.

ನಿನ್ನ ಮಗ,
ಪಾಲಯ್ಯ