ಅನುವಾದಕರ ಹೆಸರಿಗೆ ಜಾಗ

೧೨ ಸೆಪ್ಟೆಂಬರ್ ೨೦೦೭, ಬುಧವಾರ. ಇಳಕಲ್. ಎಂಟಕ್ಕೆ ಹೋದ ಕರೆಂಟು ಹತ್ತಕ್ಕೆ ಬಂತು.

ಸಂಜೆ ಬಾದಾಮಿಯಿಂದ ಮಹಾನಂದಾ ಟೀಚರ್ ಫೋನ್ ಮಾಡಿದ್ದರು. ಅನುವಾದಿತ ಕಥೆಗಳ ನಮ್ಮ ಅಂತರ್ಜಾಲ ಫೋರಮ್ಮಿನಲ್ಲಿ ಎಲ್ಲರಿಗಿಂತ ಹೆಚ್ಚು ಬರೆಯುವವರು ಅವರೇ. ಕಣ್ಣು ಮಂಜಾದ ಮೇಲೆ ಪುಟದ ರೂಪ ಬದಲಿಸುವ ದಪ್ಪಕ್ಷರದ ಥೀಮ್ ಹಾಕಿಕೊಂಡು ಓದುತ್ತಾರೆ. ಅದನ್ನು ಮಾಡಿಕೊಟ್ಟವನು ಅವರ ಅಳಿಯ ಬಸವಂತ.

“ನಿಮ್ಮ ಅನುವಾದಕರು ನನ್ನ ಸಾಲಿನ ಮ್ಯಾಲೇ ಬಂದು ಕುಂತಾರ್ರಿ. ಒಂಚೂರು ಸರದ ಕೂಡ್ರಾಕ ಹೇಳ್ರಿ ಅವರಿಗೆ” ಎಂದು ನಕ್ಕರು. ಆಮೇಲೆ ಮೆಲ್ಲಗೆ, “ನಾಕ ದಿನಾ ಆತ್ರಿ, ಒಂದೂ ಓದಿಲ್ಲ ನಾ. ಹಿಂಗ ಇದ್ರ ಬಿಟ್ಟೇ ಬಿಡ್ತೇನಿ” ಎಂದರು.

ತಪ್ಪು ನನ್ನದು. ಕಥೆಯ ಶೀರ್ಷಿಕೆಯ ಕೆಳಗೆ ಅನುವಾದಕರ ಹೆಸರು ತೋರಿಸುವ ಪ್ಲಗಿನ್, ಅಂದರೆ ಫೋರಮ್ಮಿಗೆ ಜೋಡಿಸುವ ಪುಟ್ಟ ಪ್ರೋಗ್ರಾಮ್, ಬರೆದವನು ನಾನು. ಹಿಂದೊಮ್ಮೆ ಯಾರದೋ ಥೀಮ್ ಆ ಹೆಸರನ್ನು ಚೆಂದಕ್ಕೆಂದು ಬಿಟ್ಟುಬಿಟ್ಟಿತ್ತು. ಆ ಸಿಟ್ಟಿನಲ್ಲಿ ಅಕ್ಷರದ ಅಳತೆ, ಬಣ್ಣ, ಜಾಗ ಎಲ್ಲವನ್ನೂ ಯಾವ ಥೀಮೂ ಮುಟ್ಟದ ಹಾಗೆ ಪ್ಲಗಿನ್ನಿನಲ್ಲೇ ಬಿಗಿದಿಟ್ಟೆ. ಹೆಸರು ಉಳಿಯಿತು. ಆದರೆ ದಪ್ಪಕ್ಷರದ ಪುಟದಲ್ಲಿ ಅದು ಸರಿಯಲಾರದೆ ಕಥೆಯ ಸಾಲಿನ ಮೇಲೇ ಕೂತು, ಟೀಚರಿಗೆ ಕಥೆ ಕಾಣದಾಯಿತು.

ದಣಿದಿದ್ದೇನೆ, ಆದರೂ ಅದೇ ಯೋಚನೆ. ಹಿಡಿತವನ್ನು ಥೀಮಿಗೆ ಬಿಟ್ಟುಕೊಟ್ಟರೆ ಬಸವಂತ ಆ ಹೆಸರನ್ನು ಪುಟದ ಮೂಲೆಗೆ ತಳ್ಳುತ್ತಾನೆ ಎಂದು ಗೊತ್ತು.

ತಳ್ಳಲಿ. ಹೆಸರು ಒದಗಿಸುವುದು ಪ್ಲಗಿನ್ನಿನ ಕೆಲಸ. ಎಲ್ಲಿ, ಎಷ್ಟು ದೊಡ್ಡದಾಗಿ ಎಂಬುದನ್ನು ಥೀಮ್ ನೋಡಿಕೊಳ್ಳಲಿ. ಅದು ಜಾಗವನ್ನೇ ಕೊಡದಿದ್ದರೆ ಮಾತ್ರ ಪುಟದ ಕೊನೆಗೆ ಪ್ಲಗಿನ್ನಿನಿಂದ ಒಂದು ಸಾದಾ ಸಾಲು. ನಾನು ಬಿಗಿದ ಬಣ್ಣ, ಅಳತೆಗಳನ್ನೆಲ್ಲ ತೆಗೆದುಹಾಕುವುದೆಂದು ನಿರ್ಧರಿಸಿದ್ದೇನೆ.

ಪ್ಲಗಿನ್ನಿನ ಫೈಲ್ ತೆರೆದೇ ಇದೆ. ಇನ್ನೂ ಒಂದು ಸಾಲನ್ನೂ ಅಳಿಸಿಲ್ಲ.